ಎಂಜಲು ತಿನ್ನುವ ಮೊಟ್ಟೆಗಳು

ನ್ಯೂಯಾರ್ಕಿನ ಕೊಳಚೆ ಘಟಕವೊಂದು ಊರಿನ ಮುಸುರೆಯನ್ನು ಅರೆದು, ಕಕ್ಕಸು ನೀರಿನ ಬಗ್ಗಡದ ಜೊತೆ ಕೊಳೆಸಿ, ಮನೆಗಳಿಗೆ ಗ್ಯಾಸ್ ಕಳಿಸುತ್ತಿದೆ. ವಿದ್ಯೆ ನೂರು ವರ್ಷಕ್ಕೂ ಹಳೆಯದು. ತಕರಾರು ಇರುವುದು ಬುಟ್ಟಿಗೆ ಬೀಳುವ ಪ್ಲಾಸ್ಟಿಕ್ ಚಮಚದಲ್ಲಿ ಮತ್ತು ಗ್ಯಾಸನ್ನು ಸುಮ್ಮನೆ ಸುಟ್ಟು ಹಾಕುವ ಜ್ವಾಲೆಯಲ್ಲಿ!

ಫೆಬ್ರುವರಿಯ ನಡುಭಾಗ. ನ್ಯೂಯಾರ್ಕಿನ ಚಳಿ ಮೂಗಿನ ತುದಿ ಕೊರೆಯುತ್ತಿರುತ್ತದೆ. ಬ್ರೂಕ್ಲಿನ್‌ನ ಗ್ರೀನ್‌ಪಾಯಿಂಟ್ ಬಡಾವಣೆಯಲ್ಲಿ ಜೋಡಿಗಳು ತಲೆಗೆ ಹೆಲ್ಮೆಟ್ ಏರಿಸಿಕೊಂಡು ಸರದಿಯಲ್ಲಿ ನಿಂತಿರುತ್ತವೆ. ಪ್ರೇಮಿಗಳ ದಿನಕ್ಕೆಂದು ಇವರು ಹೊರಟಿರುವುದು ಪಾರ್ಕಿಗಲ್ಲ, ಸಿನಿಮಾಕ್ಕೂ ಅಲ್ಲ. ಊರಿನ ಕಕ್ಕಸು ನೀರು ಬಂದು ಸೇರುವ ನ್ಯೂಟೌನ್ ಕ್ರೀಕ್ ಸಂಸ್ಕರಣಾ ಘಟಕಕ್ಕೆ!

ನಗರದ ಪರಿಸರ ರಕ್ಷಣಾ ಇಲಾಖೆ ಪ್ರೇಮಿಗಳ ದಿನದ ಹೆಸರಲ್ಲಿ ಏರ್ಪಡಿಸುವ ಈ ವಿಚಿತ್ರ ಪ್ರವಾಸಕ್ಕೆ ಜನ ಮುಗಿಬೀಳುತ್ತಾರೆ. ಅವರನ್ನು ಸೆಳೆಯುವುದು ಎಂಟು ದೈತ್ಯ ಲೋಹದ ಮೊಟ್ಟೆಗಳು. ಹದಿನಾಲ್ಕು ಮಹಡಿ ಎತ್ತರಕ್ಕೆ ಮಿರಮಿರ ಮಿಂಚುವ ಇವುಗಳ ನೆತ್ತಿಯ ಮೇಲೆ ಗಾಜಿನ ಓಣಿಯಿದೆ. ಅಲ್ಲಿಂದ ಮ್ಯಾನ್‌ಹಟನ್ನಿನ ಗಗನಚುಂಬಿಗಳೆಲ್ಲ ಸಾಲಾಗಿ ಕಾಣುತ್ತವೆ. ಇಡೀ ನಗರದಲ್ಲಿ ಇಂಥ ನೋಟ ಅಪರೂಪ ಎನ್ನುವವರಿದ್ದಾರೆ. ಅವರ ಕಾಲ ಕೆಳಗೆ, ಮೊಟ್ಟೆಯ ಹೊಟ್ಟೆಯೊಳಗೆ, ಕೋಟಿಗಟ್ಟಲೆ ಲೀಟರ್ ಕಪ್ಪು ಬಗ್ಗಡ ಮೈ ಬಿಸಿಯಷ್ಟೇ ಬೆಚ್ಚಗೆ ಕೊಳೆಯುತ್ತಿರುತ್ತದೆ.

ಜೋಡಿಗಳು ಫೋಟೊ ತೆಗೆಸಿಕೊಳ್ಳುವ ಈ ಜಾಗಕ್ಕೆ ಟ್ಯಾಂಕರ್ ಲಾರಿಗಳೂ ಬರುತ್ತವೆ. ಅವು ಹೊತ್ತು ತರುವುದು ಕೊಳಚೆಯನ್ನಲ್ಲ. ಕೊಳಚೆ ಕೊಳವೆಯಲ್ಲಿ ತಾನಾಗಿಯೇ ಬರುತ್ತದೆ. ಟ್ಯಾಂಕರಿನಲ್ಲಿರುವುದು ಶಾಲೆಗಳ ಊಟದ ಎಂಜಲು, ಹೋಟೆಲಿನ ಅಳಿದುಳಿದದ್ದು, ಮನೆಗಳ ಹಣ್ಣಿನ ಸಿಪ್ಪೆ, ಹಳಸಿದ ಬ್ರೆಡ್ಡು. ಎಲ್ಲವನ್ನೂ ಅರೆದು ಗಂಜಿಯಂತೆ ಮಾಡಿರುತ್ತಾರೆ. ಗಂಜಿ ಮೊಟ್ಟೆಗೆ ಹೋಗುತ್ತದೆ. ಮೊಟ್ಟೆಯಿಂದ ಗ್ಯಾಸ್ ಬರುತ್ತದೆ.

ಮೊಟ್ಟೆಯ ಜಾತಕ
• ಸಂಖ್ಯೆ 8. ಪ್ರತಿಯೊಂದರ ಎತ್ತರ ಸುಮಾರು 140 ಅಡಿ, ಹೊಟ್ಟೆಯಲ್ಲಿ ಹಿಡಿಸುವುದು ಸುಮಾರು 1.1 ಕೋಟಿ ಲೀಟರ್ ಬಗ್ಗಡ.
• ಘಟಕ ಶುರುವಾದದ್ದು 1967ರಲ್ಲಿ. ಮೊಟ್ಟೆಗಳು ಬಂದದ್ದು ಈ ಶತಮಾನದ ನವೀಕರಣದಲ್ಲಿ.
• ನ್ಯೂಯಾರ್ಕಿನ 14 ಕೊಳಚೆ ಘಟಕಗಳಲ್ಲಿ ಇದೇ ದೊಡ್ಡದು. ದಿನದ ಸಾಮರ್ಥ್ಯ 31 ಕೋಟಿ ಗ್ಯಾಲನ್, ಅಂದರೆ ಸುಮಾರು 117 ಕೋಟಿ ಲೀಟರ್.
• ಮೊಟ್ಟೆಯ ಆಕಾರ ಚಂದಕ್ಕಲ್ಲ. ಮೂಲೆಗಳಿಲ್ಲದ ಕಾರಣ ಮರಳು, ಕಸ ಕೂತು ಗಟ್ಟಿಯಾಗಲು ಜಾಗವಿಲ್ಲ. ಮೇಲ್ಭಾಗ ಕಿರಿದಾದ್ದರಿಂದ ನೊರೆ-ಜಿಡ್ಡು ಹರಡುವುದಿಲ್ಲ. ಕಲಕುವುದೂ ಸುಲಭ.

ಇದರಲ್ಲಿ ಹೊಸತೇನು ಎಂದು ಮಲೆನಾಡಿನ ಓದುಗರು ಕೇಳಬಹುದು. ಅಡುಗೆಮನೆಯ ಕಲಗಚ್ಚು ಕೊಟ್ಟಿಗೆಗೆ, ಕೊಟ್ಟಿಗೆಯ ಸಗಣಿ ಗೋಬರ್ ಗ್ಯಾಸ್ ಗುಂಡಿಗೆ, ಗುಂಡಿಯ ಗ್ಯಾಸು ಮತ್ತೆ ಅಡುಗೆಮನೆಯ ಒಲೆಗೆ, ಉಳಿದ ಬಗ್ಗಡ ತೋಟಕ್ಕೆ. ಈ ಸುತ್ತು ಅವರಿಗೆ ಚೆನ್ನಾಗಿ ಗೊತ್ತು. ನ್ಯೂಯಾರ್ಕು ಮಾಡುತ್ತಿರುವುದು ಇದನ್ನೇ. ಆದರೆ ಸುತ್ತಿನ ನಡುವೆ ದನ ಇಲ್ಲ.

ದನ ಇಲ್ಲದಿರುವುದೇ ಲಾಭ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಡುವ ಲೆಕ್ಕ ನೋಡಿ. ಒಂದು ಟನ್ ಸಗಣಿಯಿಂದ ಬರುವ ಗ್ಯಾಸು ಸುಮಾರು 25 ಘನ ಮೀಟರ್. ಕೊಳಚೆ ಬಗ್ಗಡದಿಂದ 120. ಆಹಾರ ತ್ಯಾಜ್ಯದಿಂದ 376! ಕಾರಣ ಸರಳ. ಸಗಣಿಯೂ ಮಲವೂ ಒಮ್ಮೆ ಹೊಟ್ಟೆಯೊಳಗೆ ಹೋಗಿ, ಸತ್ವವನ್ನು ದೇಹಕ್ಕೆ ಕೊಟ್ಟು ಹೊರಬಿದ್ದ ಪದಾರ್ಥಗಳು. ತಟ್ಟೆಯಲ್ಲಿ ಉಳಿದ ಅನ್ನವನ್ನು ಯಾರೂ ಜೀರ್ಣಿಸಿಕೊಂಡಿಲ್ಲ; ಅದರ ಶಕ್ತಿ ಹಾಗೇ ಇದೆ.

ಹಾಗಿದ್ದರೆ ಎಂಜಲನ್ನು ಕೊಳಚೆಯ ಜೊತೆ ಏಕೆ ಸೇರಿಸಬೇಕು? ಬರೀ ಎಂಜಲನ್ನೇ ಕೊಳೆಸಬಾರದೇ?

ಕೊಳೆಸಬಹುದು. ಆದರೆ ಅಜೀರ್ಣದ ಭಯ ಇದೆ. ಗಾಳಿಯಾಡದ ಆ ತೊಟ್ಟಿಯಲ್ಲಿ ಒಂದರ ಹಿಂದೊಂದು ಸೂಕ್ಷ್ಮಜೀವಿಗಳ ಪಾಳಿಗಳು ಕೆಲಸ ಮಾಡುತ್ತವೆ. ಮೊದಲ ಪಾಳಿಯವು ಪಿಷ್ಟ, ಕೊಬ್ಬು, ಪ್ರೋಟೀನುಗಳನ್ನು ಒಡೆಯುತ್ತವೆ. ನಂತರದವು ಅದನ್ನು ಆಮ್ಲಗಳಾಗಿ ಮಾಡುತ್ತವೆ. ಕೊನೆಯ ಪಾಳಿಯ ಸೂಕ್ಷ್ಮಜೀವಿಗಳು ಆ ಆಮ್ಲವನ್ನು ಉಂಡು ಮೀಥೇನ್ ಬಿಡುತ್ತವೆ. ಇವು ಬಲು ನಿಧಾನಿಗಳು, ಮೇಲಾಗಿ ಸುಕುಮಾರಿಗಳು. ಪಾಯಸ, ಅನ್ನ, ಬ್ರೆಡ್ಡುಗಳಂಥ ಬೇಗ ಕರಗುವ ಪದಾರ್ಥ ಒಮ್ಮೆಲೇ ಬಂದು ಬಿದ್ದರೆ ಆಮ್ಲ ಮಾಡುವ ಪಾಳಿ ಮುಂದೋಡುತ್ತದೆ, ಆಮ್ಲ ತಿನ್ನುವ ಪಾಳಿ ಹಿಂದುಳಿಯುತ್ತದೆ. ತೊಟ್ಟಿ ಹುಳಿಯುತ್ತದೆ. ಹುಳಿತ ತೊಟ್ಟಿಯನ್ನು ಮತ್ತೆ ಸರಿದಾರಿಗೆ ತರಲು ವಾರಗಟ್ಟಲೆ ಬೇಕು.

ಕೊಳಚೆ ಬಗ್ಗಡದಲ್ಲಿ ಈ ಹುಳಿಯನ್ನು ತಡೆದುಕೊಳ್ಳುವ ಕ್ಷಾರಗುಣ ಇದೆ. ಸೂಕ್ಷ್ಮಜೀವಿಗಳಿಗೆ ಬೇಕಾದ ಚೂರುಪಾರು ಖನಿಜಗಳೂ ಇವೆ. ಹೀಗೆ ಸಪ್ಪೆ ಬಗ್ಗಡಕ್ಕೆ ಎಂಜಲು ಕಸುವು ತುಂಬುತ್ತದೆ, ಎಂಜಲಿನ ಹುಳಿಯನ್ನು ಬಗ್ಗಡ ಹಿಡಿದಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳಚೆ ಘಟಕದಲ್ಲಿ ತೊಟ್ಟಿ ಆಗಲೇ ಕಟ್ಟಿಯಾಗಿದೆ. ಪೈಪು, ಪಂಪು, ಎಂಜಿನಿಯರು, ಕಾವಲುಗಾರ ಎಲ್ಲ ಇದ್ದಾರೆ. ಹೊಸ ಕಾರ್ಖಾನೆಗೆ ಜಾಗ ಹುಡುಕಿ, ಅಕ್ಕಪಕ್ಕದ ಊರಿನವರ ಕೈಲಿ ಬೈಸಿಕೊಳ್ಳುವ ಪ್ರಮೇಯ ಇಲ್ಲ.

ಖಾಲಿ ಬಿದ್ದ ತೊಟ್ಟಿಯ ಬೆಲೆ ಮೊದಲು ಅರಿತವರು ಅಮೆರಿಕದ ಇನ್ನೊಂದು ಕರಾವಳಿಯವರು. ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡ್‌ನಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊಗೆ ಹೋಗುವ ಬೇ ಬ್ರಿಜ್‌ನ ಬುಡದಲ್ಲೇ, ಈಸ್ಟ್ ಬೇ ಜಲಮಂಡಳಿಯ ಕೊಳಚೆ ಘಟಕವಿದೆ. ಒಂದು ಕಾಲಕ್ಕೆ ಆ ಸೀಮೆಯ ತುಂಬ ಹಣ್ಣು-ತರಕಾರಿಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿದ್ದವು. ಅವುಗಳ ಹೊಲಸು ನೀರನ್ನೂ ತಾಳಿಕೊಳ್ಳುವಷ್ಟು ದೊಡ್ಡದಾಗಿ ಘಟಕ ಕಟ್ಟಿದ್ದರು. ಕಾರ್ಖಾನೆಗಳು ಒಂದೊಂದಾಗಿ ಕಾಲುಕಿತ್ತವು. ತೊಟ್ಟಿಗಳು ಅರೆಹೊಟ್ಟೆ ಉಳಿದವು.

ಸುಮ್ಮನೆ ಕೂರುವ ಬದಲು ಮಂಡಳಿ ಲಾರಿಗಳಿಗೆ ಗೇಟು ತೆರೆಯಿತು. ದ್ರಾಕ್ಷಾರಸದ ಗಸಿ ಬಂತು, ಡೇರಿಯ ತ್ಯಾಜ್ಯ ಬಂತು, ಕೋಳಿ ಕತ್ತರಿಸುವಲ್ಲಿಯ ರಕ್ತ ಬಂತು, ಹೋಟೆಲುಗಳ ಜಿಡ್ಡು-ಎಣ್ಣೆ ಬಂತು, ಎಂಜಲೂ ಬಂತು. ತಂದು ಸುರಿಯುವವರು ಶುಲ್ಕ ಕೊಡಬೇಕು. ಬಂದದ್ದರಿಂದ ಗ್ಯಾಸು, ಗ್ಯಾಸಿನಿಂದ ವಿದ್ಯುತ್ತು. 2012ರಲ್ಲಿ ಆ ಘಟಕ ತನಗೆ ಬೇಕಾದ್ದಕ್ಕಿಂತ ಹೆಚ್ಚು ವಿದ್ಯುತ್ ತಯಾರಿಸಿತು. ಉತ್ತರ ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ಕೊಳಚೆ ಘಟಕ ಅದು. ಕೊಳಚೆ ಘಟಕವೆಂದರೆ ಕರೆಂಟು ನುಂಗುವ ಬಕಾಸುರ ಎಂದೇ ಎಲ್ಲ ಪುರಸಭೆಗಳ ಅನುಭವ. ಅಂಥದ್ದರಲ್ಲಿ ಹೆಚ್ಚುವರಿ ಕರೆಂಟನ್ನು ಮಾರುವ ಮಾತು ಸಣ್ಣದಲ್ಲ.

ಓಕ್ಲ್ಯಾಂಡಿನಲ್ಲಿ ಆದದ್ದು ಬ್ರೂಕ್ಲಿನ್‌ನಲ್ಲಿ ಅಷ್ಟು ಸಲೀಸಾಗಿ ಆಗಲಿಲ್ಲ.

ನ್ಯೂಯಾರ್ಕ್ ತನ್ನ ಕೊನೆಯ ದೊಡ್ಡ ಕಸದ ಬೆಟ್ಟವನ್ನು, ಸ್ಟೇಟನ್ ದ್ವೀಪದ ಫ್ರೆಶ್ ಕಿಲ್ಸ್ ಅನ್ನು, 2001ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ನಗರದ ಕಸ ರೈಲು, ದೋಣಿ, ಲಾರಿ ಹತ್ತಿ ಬೇರೆ ರಾಜ್ಯಗಳಿಗೆ ಹೋಗತೊಡಗಿತು. ಕಸದಲ್ಲಿ ದೊಡ್ಡ ಪಾಲು ಹಸಿ ಕಸ. ಹಸಿ ಕಸವೆಂದರೆ ಬಹುಪಾಲು ನೀರು. ಅಂದರೆ ನೀರನ್ನು ಹೊತ್ತೊಯ್ದು ಪರರಾಜ್ಯದಲ್ಲಿ ಹೂಳಲು ನಗರ ದುಡ್ಡು ತೆರುತ್ತಿತ್ತು! ಹೂಳಿದ ಮೇಲೂ ಅದು ಸುಮ್ಮನಿರುವುದಿಲ್ಲ. ಗಾಳಿಯಿಲ್ಲದ ಜಾಗದಲ್ಲಿ ಕೊಳೆತು ಮೀಥೇನ್ ಉಗುಳುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಮೀಥೇನು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಜೋರು.

2013ರ ಕೊನೆಯಲ್ಲಿ, ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅವಧಿ ಮುಗಿಯುವ ಹೊತ್ತಿಗೆ, ನಗರ ಒಂದು ಯೋಜನೆ ಸಾರಿತು. ವೇಸ್ಟ್ ಮ್ಯಾನೇಜ್‌ಮೆಂಟ್ ಎಂಬ ಕಂಪನಿ ಎಂಜಲನ್ನು ಅರೆದು ಕೊಡುವುದು, ನ್ಯೂಟೌನ್ ಕ್ರೀಕ್‌ನ ಮೊಟ್ಟೆಗಳು ಅದನ್ನು ಕೊಳೆಸುವುದು, ನ್ಯಾಷನಲ್ ಗ್ರಿಡ್ ಕಂಪನಿ ಗ್ಯಾಸನ್ನು ಶುದ್ಧ ಮಾಡಿ ಮನೆಗಳಿಗೆ ಹೋಗುವ ಕೊಳವೆಗೆ ಸೇರಿಸುವುದು. ಸುಮಾರು 5,200 ಮನೆಗಳನ್ನು ಬೆಚ್ಚಗಿಡುವಷ್ಟು ಗ್ಯಾಸ್ ಸಿಗುತ್ತದೆ ಎಂದರು.

ಎಂಜಲು ಬಂತು. ಮೊಟ್ಟೆಗಳು ಕೆಲಸ ಶುರು ಮಾಡಿದವು. ಗ್ಯಾಸೂ ಬಂತು. ಅದನ್ನು ಶುದ್ಧ ಮಾಡುವ ಯಂತ್ರ ಮಾತ್ರ ಬರಲಿಲ್ಲ.

ಮೊಟ್ಟೆಯಿಂದ ಬರುವ ಗ್ಯಾಸಿನಲ್ಲಿ ಮೀಥೇನು ನೂರರಲ್ಲಿ ಸುಮಾರು ಅರವತ್ತು ಪಾಲು. ಉಳಿದದ್ದು ಹೆಚ್ಚೂಕಡಿಮೆ ಇಂಗಾಲದ ಡೈಆಕ್ಸೈಡು, ಜೊತೆಗೆ ಕೊಳೆತ ಕೋಳಿಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡು. ಶಾಂಪೂ, ಕ್ರೀಮುಗಳಿಂದ ಬರುವ ಸಿಲಾಕ್ಸೇನ್ ಎಂಬ ಉಪದ್ರವಿಯೂ ಇರುತ್ತದೆ. ಅದು ಉರಿದಾಗ ಮರಳಿನಂತೆ ಯಂತ್ರದೊಳಗೆ ಕೂರುತ್ತದೆ. ಇವನ್ನೆಲ್ಲ ತೆಗೆಯದೆ ಗ್ಯಾಸನ್ನು ಊರ ಕೊಳವೆಗೆ ಬಿಡುವಂತಿಲ್ಲ. ಶುದ್ಧೀಕರಣದ ವ್ಯವಸ್ಥೆ ವರ್ಷ ವರ್ಷ ಮುಂದಕ್ಕೆ ಹೋಯಿತು. ಅದು ಚಾಲೂ ಆದದ್ದು 2023ರಲ್ಲಿ.

ಅಲ್ಲಿಯವರೆಗೆ? ಘಟಕದ ಬಾಯ್ಲರುಗಳಿಗೆ ಬೇಕಾದಷ್ಟನ್ನು ಬಳಸಿ, ಮಿಕ್ಕದ್ದನ್ನು ಚಿಮಣಿಯ ತುದಿಯಲ್ಲಿ ಉರಿಸಿದರು. ಹಾಗೆ ಉರಿಸುವುದು ಮೀಥೇನನ್ನು ನೇರ ಗಾಳಿಗೆ ಬಿಡುವುದಕ್ಕಿಂತ ವಾಸಿ, ನಿಜ. ಆದರೆ ಹೆಚ್ಚು ಎಂಜಲು ತಂದು, ಹೆಚ್ಚು ಗ್ಯಾಸ್ ಮಾಡಿ, ಹೆಚ್ಚು ಉರಿಸುವುದಕ್ಕೆ ಏನರ್ಥ ಎಂದು ಗ್ರೀನ್‌ಪಾಯಿಂಟ್ ನಿವಾಸಿಗಳು ಕೇಳಿದರು. ಕೇಳುವ ಹಕ್ಕು ಅವರಿಗಿತ್ತು. ಪಕ್ಕದಲ್ಲೇ ಹರಿಯುವ ನ್ಯೂಟೌನ್ ಕ್ರೀಕ್ ತೊರೆ ತೈಲ ಸೋರಿಕೆಯಿಂದಲೂ ಕಾರ್ಖಾನೆಗಳ ವಿಷದಿಂದಲೂ ಎಷ್ಟು ಕೆಟ್ಟಿದೆಯೆಂದರೆ, 2010ರಲ್ಲಿ ಕೇಂದ್ರ ಸರ್ಕಾರ ಅದನ್ನು ದೇಶದ ಅತಿ ಕಲುಷಿತ ತಾಣಗಳ ‘ಸೂಪರ್‌ಫಂಡ್’ ಪಟ್ಟಿಗೆ ಸೇರಿಸಿತ್ತು. ಊರಿನ ಹೊಲಸನ್ನೆಲ್ಲ ತಮ್ಮ ಓಣಿಗೇ ತರುವುದಾದರೆ, ಬರುವ ಲಾಭವಾದರೂ ಉರಿದು ಹೋಗದಿರಲಿ ಎಂಬುದು ಅವರ ವಾದ.

ಒಂದು ದಶಕದ ಆ ಕಥೆಯಲ್ಲಿ ಇದೇ ಎಲ್ಲಕ್ಕಿಂತ ಕಹಿ ಭಾಗ. ಕೊಳೆಸುವುದು ಪ್ರಕೃತಿಯ ಕೆಲಸ, ಅದು ಸಮಯಕ್ಕೆ ಸರಿಯಾಗಿ ನಡೆಯಿತು. ಕೊಳವೆ ಜೋಡಿಸುವುದು ಮನುಷ್ಯರ ಕೆಲಸ.

ಮಾಟುಂಗದಿಂದ ಪುರದವರೆಗೆ
• 1776: ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಸರೋವರದ ಕೆಸರು ಕಲಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು ಮೀಥೇನನ್ನು ಗುರುತಿಸಿದ.
• 1895ರ ಹೊತ್ತಿಗೆ: ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ಡೊನಾಲ್ಡ್ ಕ್ಯಾಮರಾನ್ ಕೊಳಚೆ ತೊಟ್ಟಿಯ ಗ್ಯಾಸಿನಿಂದ ದೀಪ ಉರಿಸಿದ.
• 1897: ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ ಮಲದ ಗ್ಯಾಸಿನಿಂದ ಬೆಳಕು.
• 1987: ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಅವರ ‘ಅಸ್ತ್ರ’ ತಂಡ ಸಮುದಾಯ ಗೋಬರ್ ಗ್ಯಾಸಿನಿಂದ ಎಂಜಿನ್ ಓಡಿಸಿ, ಮನೆಗಳಿಗೆ ವಿದ್ಯುತ್ ದೀಪವನ್ನೂ ಕುಡಿಯುವ ನೀರನ್ನೂ ಕೊಟ್ಟಿತು. ಮೊದಲು ಅಡುಗೆ ಗ್ಯಾಸ್ ಕೊಡುವ ಯತ್ನ ಸೋತಿತ್ತು: ಎಲ್ಲ ಮನೆಯ ಒಲೆಗೆ ಸಾಲುವಷ್ಟು ಸಗಣಿ ಊರಲ್ಲಿರಲಿಲ್ಲ.

ಇನ್ನು ಚಮಚದ ವಿಷಯ.

ಎಂಜಲಿನ ಲಾರಿ ಬಂದು ಅರೆಯುವ ಘಟಕದ ನೆಲದ ಮೇಲೆ ಸುರಿದಾಗ ಕಾಣುವುದು ಬರೀ ಅನ್ನ-ಪಲ್ಯವಲ್ಲ. ಫೋರ್ಕು, ಚಾಕು, ಬಾಟಲಿಯ ಮುಚ್ಚಳ, ರಬ್ಬರ್ ಕೈಗವಸು, ಕಾಫಿ ಲೋಟದ ಮುಚ್ಚಳ, ಸೇಬಿನ ಮೇಲೆ ಅಂಟಿಸುವ ಪುಟಾಣಿ ಚೀಟಿ, ಸಿಂಪಿ ಚಿಪ್ಪು, ಮೂಳೆ. ಅರೆಯುವ ಯಂತ್ರ ಇವುಗಳಲ್ಲಿ ಕೆಲವನ್ನು ಜರಡಿ ಹಿಡಿಯುತ್ತದೆ. ತಪ್ಪಿಸಿಕೊಂಡದ್ದು ಮುಂದೆ ಹೋಗಿ ಪಂಪಿನ ರೆಕ್ಕೆ ಸವೆಸುತ್ತದೆ, ನಾರು ಇದ್ದರೆ ಕಲಕುವ ದಂಡಕ್ಕೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಗಾಜಿನ ಚೂರಾದರೆ ತೊಟ್ಟಿಯ ತಳ ಸೇರುತ್ತದೆ. ತೊಟ್ಟಿ ತುಂಬಿಕೊಂಡಾಗ ಅದನ್ನು ಖಾಲಿ ಮಾಡಿ ತೊಳೆಯುವ ಖರ್ಚು ಎಷ್ಟೋ ಗ್ಯಾಸಿನ ಲಾಭವನ್ನು ನುಂಗುತ್ತದೆ. ಪ್ಲಾಸ್ಟಿಕ್ಕಿನ ಸಣ್ಣ ಚೂರುಗಳು ಕೊನೆಗೆ ಗೊಬ್ಬರದಲ್ಲಿ ಉಳಿಯುತ್ತವೆ.

ಹೀಗಾಗಿ ಇಡೀ ವ್ಯವಸ್ಥೆಯ ಹಣೆಬರಹ ಅಡುಗೆಮನೆಯಲ್ಲೇ ತೀರ್ಮಾನವಾಗುತ್ತದೆ. ನ್ಯೂಯಾರ್ಕ್ 2024ರ ಅಕ್ಟೋಬರ್ 6ರಿಂದ ಎಲ್ಲ ಐದು ವಿಭಾಗಗಳಲ್ಲೂ ಹಸಿ ಕಸ ಬೇರೆ ಮಾಡುವುದನ್ನು ಕಡ್ಡಾಯ ಮಾಡಿತು. 2025ರ ಏಪ್ರಿಲ್ 1ರಿಂದ ದಂಡ ಹಾಕಲು ಶುರು ಮಾಡಿತು. ತಿಂಗಳು ತುಂಬುವ ಮೊದಲೇ ಬಹುಪಾಲು ಮನೆಗಳಿಗೆ ಆ ದಂಡವನ್ನು ವರ್ಷದ ಕೊನೆಯವರೆಗೆ ತಡೆಹಿಡಿಯಿತು! ಮತದಾರರ ಬುಟ್ಟಿಗೆ ಕೈ ಹಾಕುವ ಧೈರ್ಯ ಬೆಂಗಳೂರಿನಲ್ಲಿ ಹೇಗೋ ಅಲ್ಲಿಯೂ ಹಾಗೆ.

ಕಾನೂನು ಕೆಲಸ ಮಾಡಿದ ಉದಾಹರಣೆಯೂ ಇದೆ. ಮ್ಯಾಸಚೂಸೆಟ್ಸ್ ರಾಜ್ಯ 2014ರ ಅಕ್ಟೋಬರಿನಿಂದ, ವಾರಕ್ಕೆ ಒಂದು ಟನ್ನಿಗಿಂತ ಹೆಚ್ಚು ಆಹಾರ ತ್ಯಾಜ್ಯ ಬಿಸಾಡುವ ಹೋಟೆಲು, ಆಸ್ಪತ್ರೆ, ಅಂಗಡಿಗಳು ಅದನ್ನು ಕಸದ ಗುಂಡಿಗೆ ಕಳಿಸುವಂತಿಲ್ಲ ಎಂದಿತು. 2022ರ ನವೆಂಬರಿನಲ್ಲಿ ಮಿತಿಯನ್ನು ಅರ್ಧ ಟನ್ನಿಗೆ ಇಳಿಸಿತು. ಬಾಸ್ಟನ್ ಸೀಮೆಯ ಎಂಜಲು ಗಂಜಿಯಾಗಿ ನಾರ್ತ್ ಆಂಡೋವರ್‌ನ ಕೊಳಚೆ ಘಟಕ ಸೇರುವುದು ಈ ಕಾನೂನಿನ ಫಲ. ಅಮೆರಿಕದಲ್ಲಿ ಇಂಥ ನಿಷೇಧ ಮೊದಲು ತಂದ ಐದು ರಾಜ್ಯಗಳನ್ನು ಅಳೆದು ‘ಸೈನ್ಸ್’ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಸ ನಿಜಕ್ಕೂ ಕಡಿಮೆಯಾದದ್ದು ಮ್ಯಾಸಚೂಸೆಟ್ಸ್ ಒಂದರಲ್ಲೇ. ನಿಯಮ ಸರಳವಾಗಿತ್ತು, ತಪಾಸಣೆ ಇತ್ತು, ಎಂಜಲು ಕೊಂಡೊಯ್ಯಲು ಘಟಕಗಳಿದ್ದವು. ಮಿಕ್ಕ ನಾಲ್ಕರಲ್ಲಿ ಕಾನೂನು ಕಾಗದದಲ್ಲಿ ಉಳಿಯಿತು.

ತಟ್ಟೆಯಿಂದ ತಿಪ್ಪೆಗೆ
• ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಪ್ರಕಾರ 2022ರಲ್ಲಿ ಜಗತ್ತು ಬಿಸಾಡಿದ ಆಹಾರ 105 ಕೋಟಿ ಟನ್. ಅದರಲ್ಲಿ ಮನೆಗಳ ಪಾಲೇ ಶೇಕಡ 60ರಷ್ಟು.
• ಅದೇ ವರದಿಯಲ್ಲಿ ಭಾರತದ ಮನೆಗಳ ಅಂದಾಜು: ತಲೆಗೆ ವರ್ಷಕ್ಕೆ 55 ಕಿಲೊ.
• ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ದಶಕದ ಹಿಂದೆ ನಗರದ ಕಲ್ಯಾಣ ಮಂಟಪಗಳನ್ನು ಅಧ್ಯಯನ ಮಾಡಿ, ಅಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ವ್ಯರ್ಥವಾಗುತ್ತದೆ ಎಂದು ಅಂದಾಜಿಸಿತ್ತು.

ಗ್ಯಾಸಿನ ದಾರಿಯನ್ನು ಒಪ್ಪದವರೂ ಇದ್ದಾರೆ. ಕಾಂಪೋಸ್ಟ್ ಪರವಾದವರ ವಾದವನ್ನು ತಳ್ಳಿಹಾಕುವಂತಿಲ್ಲ. ಹಸಿ ಕಸವನ್ನು ಗೊಬ್ಬರ ಮಾಡಿದರೆ ಅದರ ಸಾರ ಮಣ್ಣಿಗೆ ಮರಳುತ್ತದೆ. ಕೊಳಚೆಯ ಜೊತೆ ಬೆರೆಸಿದರೆ ಎಂಜಲಿನ ಗಸಿಗೂ ಕೊಳಚೆಯ ದೋಷ ಅಂಟಿಕೊಳ್ಳುತ್ತದೆ: ಭಾರಲೋಹ, ಔಷಧಿಗಳ ಅಂಶ, ಎಂದೂ ಕರಗದ ರಾಸಾಯನಿಕಗಳು. ಅಂಥ ಗಸಿಯನ್ನು ಹೊಲಕ್ಕೆ ಹಾಕಲು ಅಮೆರಿಕದ ಹಲವು ರೈತರು ಈಗ ಹಿಂಜರಿಯುತ್ತಾರೆ. ತರಕಾರಿ ಸಿಪ್ಪೆ, ಎಲೆ, ಹೂವುಗಳಿಗೆ ಕಾಂಪೋಸ್ಟೇ ಸರಿ. ಎಣ್ಣೆ, ಮಾಂಸ, ಸಾರು, ಅನ್ನಗಳಂಥ ಒದ್ದೆ-ಜಿಡ್ಡಿನ ಎಂಜಲು ಕಾಂಪೋಸ್ಟ್ ರಾಶಿಯಲ್ಲಿ ನಾರುತ್ತದೆ, ಇಲಿ-ನೊಣ ಕರೆಯುತ್ತದೆ. ಅದಕ್ಕೆ ತೊಟ್ಟಿಯೇ ಸರಿ. ಎರಡೂ ಬೇಕು. ಒಂದನ್ನೇ ಹಿಡಿದು ಕೂರುವುದು ಟೆಂಡರಿಗೆ ಒಳ್ಳೆಯದು, ಊರಿಗಲ್ಲ.

ನಮ್ಮಲ್ಲಿ?

ಹತ್ತಿರದ ಉದಾಹರಣೆ ನಾಸಿಕ್. ಜರ್ಮನಿಯ ಜಿಐಜೆಡ್ ಸಂಸ್ಥೆಯ ನೆರವಿನಿಂದ ಅಲ್ಲಿನ ಪಾಲಿಕೆ 2017ರಲ್ಲಿ ಘಟಕವೊಂದನ್ನು ಶುರು ಮಾಡಿತು. ಸಾರ್ವಜನಿಕ ಶೌಚಾಲಯಗಳ ಗುಂಡಿಯಿಂದ ಎತ್ತಿದ ಬಗ್ಗಡವನ್ನೂ ಹೋಟೆಲುಗಳ ಎಂಜಲನ್ನೂ ಒಂದೇ ತೊಟ್ಟಿಯಲ್ಲಿ ಕೊಳೆಸಿ ವಿದ್ಯುತ್ ಮಾಡುವ ಏರ್ಪಾಡು. ದಿನಕ್ಕೆ 30 ಟನ್ ಸಾಮರ್ಥ್ಯ. ಇಂದೋರ್ ಕೊಳಚೆಯನ್ನು ಸೇರಿಸದೆ ಬರೀ ಹಸಿ ಕಸದ ದಾರಿ ಹಿಡಿಯಿತು. 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಅದರ ಘಟಕದ ಸಾಮರ್ಥ್ಯ ದಿನಕ್ಕೆ 550 ಟನ್. ಅಲ್ಲಿ ತಯಾರಾಗುವ ಗ್ಯಾಸಿನಿಂದ ನಗರದ ಬಸ್ಸುಗಳು ಓಡುತ್ತವೆ. ಇಂದೋರಿನ ಗುಟ್ಟು ಯಂತ್ರದಲ್ಲಿಲ್ಲ. ಮನೆಬಾಗಿಲಲ್ಲೇ ಕಸ ಬೇರೆಯಾಗಿ ಗಾಡಿ ಹತ್ತುತ್ತದೆ.

ಬೆಂಗಳೂರು ಇದರ ಉಲ್ಟಾ ಪಾಠ ಕಲಿತಿದೆ. 2012ರಲ್ಲಿ ಮಾವಳ್ಳಿಪುರದ ಜನ ಕಸದ ಲಾರಿಗಳನ್ನು ತಡೆದಾಗ ನಗರ ನಾರಿತು, ಆಡಳಿತ ಎಚ್ಚೆತ್ತಿತು. ವಾರ್ಡುಗಳಲ್ಲಿ ಸಣ್ಣ ಬಯೊಗ್ಯಾಸ್ ಘಟಕಗಳು ಎದ್ದವು. ಅವುಗಳಲ್ಲಿ ಬಹಳಷ್ಟು ಬಾಗಿಲು ಹಾಕಿದವು. ಬೆರಕೆ ಕಸ ಬಂತು, ನಿರ್ವಹಣೆಗೆ ಆಳಿರಲಿಲ್ಲ, ವಾಸನೆಗೆ ಅಕ್ಕಪಕ್ಕದವರು ಗಲಾಟೆ ಮಾಡಿದರು. ಹಾಗೆ ನೋಡಿದರೆ ತೊಟ್ಟಿಯ ಕೊರತೆ ರಾಜಧಾನಿಗಿಲ್ಲ. ಕೋಲಾರದ ಕೆರೆಗಳಿಗೆ ನೀರು ಕಳಿಸುವ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲೇ ಜಲಮಂಡಳಿಗೆ ಬಗ್ಗಡದಿಂದ ಗ್ಯಾಸ್ ತೆಗೆಯುವ ವ್ಯವಸ್ಥೆ ಇದೆ. ಹೊರವಲಯದ ದೇವನಹಳ್ಳಿಯಲ್ಲಿ 2015ರಿಂದ ಪುರಸಭೆಯ ಮಲ ಬಗ್ಗಡ ಸಂಸ್ಕರಣಾ ಘಟಕ ನಡೆಯುತ್ತಿದೆ. ದೇಶದಲ್ಲೇ ಆ ಬಗೆಯ ಮೊದಲನೆಯದು. ಅಲ್ಲಿ ಮಲದ ಗಸಿಯನ್ನು ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡಿದ್ದಾರೆ, ರೈತರು ಕೊಂಡಿದ್ದಾರೆ.

ಕೊಳಚೆ ಒಂದು ಇಲಾಖೆಯ ಸ್ವತ್ತು, ಕಸ ಇನ್ನೊಂದರದು. ಎರಡನ್ನೂ ಒಂದೇ ತೊಟ್ಟಿಗೆ ಹಾಕುವ ಮುಂಚೆ ಎರಡು ಕಡತಗಳು ಒಂದೇ ಮೇಜಿಗೆ ಬರಬೇಕು. ಅದಾದ ಮೇಲೂ, ಬರುವ ಗ್ಯಾಸನ್ನು ಯಾರು ಕೊಳ್ಳುತ್ತಾರೆ ಎಂಬುದು ಮೊದಲೇ ಒಪ್ಪಂದವಾಗಿರಬೇಕು. ಇಲ್ಲದಿದ್ದರೆ ಬ್ರೂಕ್ಲಿನ್‌ನ ಹತ್ತು ವರ್ಷದ ಜ್ವಾಲೆ ಇಲ್ಲಿಯೂ ಉರಿಯುತ್ತದೆ. ಯಾವ ಪಾಲಿಕೆಯಾದರೂ ಇಂಥ ಯೋಜನೆ ಪ್ರಕಟಿಸಿದಾಗ ನಾಗರಿಕರು ಮೊದಲು ಕೇಳಬೇಕಾದದ್ದು ತೊಟ್ಟಿಯ ಗಾತ್ರವನ್ನಲ್ಲ, ಗ್ಯಾಸಿನ ಕೊಳವೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು.

ಅಷ್ಟರವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಮದುವೆ ಸುಗ್ಗಿ ಶುರುವಾಗಿದೆ. ಛತ್ರ ಗೊತ್ತು ಮಾಡುವಾಗ ಊಟದ ರೇಟಿನ ಜೊತೆಗೆ ಎಂಜಲು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮ್ಯಾನೇಜರನ್ನು ಕೇಳಿ. ಊಟದ ಹಾಲಿನ ಬಾಗಿಲಲ್ಲಿ ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪು, ಚಮಚ, ಟಿಶ್ಯೂಗಳಿಗೆ ಬೇರೆ ಬುಟ್ಟಿ ಇಡಿಸಿ. ಎಲೆ ಎತ್ತುವವರಿಗೆ ಅದನ್ನು ಮೊದಲೇ ಹೇಳಿ, ಆ ಹೆಚ್ಚಿನ ಕೆಲಸಕ್ಕೆ ಕೈತುಂಬ ಕೂಲಿ ಕೊಡಿ.